ಹೊಲಿಗೆಯಿಲ್ಲದ ಬಟ್ಟೆ

೬ ನವೆಂಬರ್ ೨೦೦೩, ಗುರುವಾರ
ಬನಹಟ್ಟಿ

ಇವತ್ತು ಒಳಗಿನ ಖೋಲಿಯ ಕದ ತೆಗೆದೆ. ಅಪ್ಪ ಬಿಟ್ಟ ಹಾಗೇ ಇದೆ. ಕಾಲು ಕುಣಿಗೆ ಇಳಿಬಿಟ್ಟು ಕೈಯಿಂದ ನೇಯುವ ಅವನ ಕುಣಿಮಗ್ಗದ ಮೇಲೆ ಬಿಳಿ ಬಟ್ಟೆ ಅರ್ಧಕ್ಕೆ ನಿಂತಿದೆ. ಲಾಳಿ ಬಲಗಡೆಗಿದೆ. ಅಂದರೆ ಕೊನೆಯ ಸಲ ಎಡಗೈಯಿಂದ ಎಸೆದಿದ್ದಾನೆ. ಅಷ್ಟು ನೋಡಿ ಕದ ಮುಂದೆ ಮಾಡಿ ಬಂದೆ.

ಭಾನುವಾರ ಅಪ್ಪನನ್ನು ಮಣ್ಣು ಮಾಡಿದೆವು. ಬಂದ ನೆಂಟರು ನಿನ್ನೆ ಹೋದರು. ಪಡಸಾಲೆಯಲ್ಲಿ ನನ್ನ ನಾಲ್ಕು ಪವರ್‌ಲೂಮ್ ಮತ್ತೆ ಬಡಿದುಕೊಳ್ಳುತ್ತಿವೆ. ಆ ಸಪ್ಪಳದಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನನಗೆ ಅದೇ ಒಳ್ಳೆಯದು. ಏಳನೆಯ ತರಗತಿಗೆ ಸಾಲಿ ಬಿಟ್ಟು ಮಗ್ಗಕ್ಕೆ ಬಂದವನು ನಾನು, ಮಾತು ಕಲಿಯಲೇ ಇಲ್ಲ. ದಿನಾ ಸಂಜೆ ಅಪ್ಪ ಮನೆಯವರನ್ನೆಲ್ಲ ಕೂರಿಸಿಕೊಂಡು ಪ್ರಾರ್ಥನೆ ಮಾಡುತ್ತಿದ್ದ. ಓಣಿಯವರ ಹೆಸರೆಲ್ಲ ಅದರಲ್ಲಿ ಬರುತ್ತಿದ್ದವು. ನಾನು ಕೊನೆಗೆ ಆಮೆನ್ ಅನ್ನುತ್ತಿದ್ದೆ. ಇಷ್ಟು ವರ್ಷದಲ್ಲಿ ದೇವರ ಮುಂದೆ ನಾನು ಆಡಿದ್ದು ಅದೊಂದೇ ಮಾತು. ಈಗ ನನ್ನ ಹೆಂಡತಿ ಅನ್ನವ್ವ ಮಗಳು ಮಾಲಾಳನ್ನು ಕೂರಿಸಿಕೊಂಡು ಮೆಲ್ಲಗೆ ಏನೋ ಹೇಳುತ್ತಾಳೆ. ನಾನು ಆ ಹೊತ್ತಿಗೆ ಮಗ್ಗಕ್ಕೆ ಎಣ್ಣೆ ಬಿಡುತ್ತಿರುತ್ತೇನೆ.

ಆ ಬಟ್ಟೆಯ ಸಂಗತಿ ಬರೆದಿಡಬೇಕು. ಬೀಳಗಿ ತಾಲೂಕಿನ ನಮ್ಮ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಯಿತು. ಅಪ್ಪನ ಅಪ್ಪ ಕಲ್ಲು ಹೊತ್ತು ಕಟ್ಟಿದ ಸಣ್ಣ ಚರ್ಚೂ ಅದರ ಜೊತೆಗೇ ಹೋಯಿತು. ಊರಿನವರು ಪುನರ್ವಸತಿ ಕೇಂದ್ರದಲ್ಲಿ ಈಗ ಹೊಸ ಚರ್ಚು ಕಟ್ಟಿಸಿದ್ದಾರೆ. ಕ್ರಿಸ್ಮಸ್ ದಿನ ಅದರ ಪ್ರತಿಷ್ಠೆ. ಅಲ್ಲಿ ರೊಟ್ಟಿ, ಪಾತ್ರೆ ಇಡುವ ಕರ್ತನ ಮೇಜಿಗೆ ಬಟ್ಟೆ ನೇಯ್ದು ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಕೈಮಗ್ಗದಲ್ಲೇ ಆಗಬೇಕು, ಒಂದೇ ತುಂಡು ಆಗಬೇಕು. ಶಿಲುಬೆಗೆ ಹೋಗುವಾಗ ಸ್ವಾಮಿ ತೊಟ್ಟಿದ್ದ ಅಂಗಿಗೆ ಹೊಲಿಗೆ ಇರಲಿಲ್ಲ, ಸ್ವಾಮಿಯ ಮೇಜಿನ ಬಟ್ಟೆಗೂ ಇರಬಾರದು ಅಂತ ಅವನ ಹಟ.

ನನಗೆ ಕುಣಿಮಗ್ಗ ಬಾರದು. ಗುಂಡಿ ಒತ್ತಿದರೆ ತಾನೇ ನೇಯುವ ಮಗ್ಗ ಮಾತ್ರ ಗೊತ್ತು. ಅಲ್ಲಿನ ಪಾದ್ರಿ ಅಯ್ಯನವರು ಬಂದಾಗ ಹೇಳಿಬಿಡುತ್ತೇನೆ, ಅಂಗಡಿಯಲ್ಲಿ ಕೊಂಡುಕೊಳ್ಳಿರಿ ಎಂದು.

೧೦ ನವೆಂಬರ್, ಸೋಮವಾರ

ಹೊಸ ಚರ್ಚಿನ ಅಯ್ಯನವರು ಎರಡು ಬಸ್ಸು ಬದಲಿಸಿ ಬಂದರು. ಪ್ರಾರ್ಥನೆ ಮಾಡಿದರು, ಚಹಾ ಕುಡಿದರು. ಆಮೇಲೆ ಕೇಳಿಯೇಬಿಟ್ಟರು.

"ದಾನಿಯೇಲ, ಬಟ್ಟೀದು ಹೆಂಗ ಮಾಡೂಣು? ಅಲ್ಲಿ ಮಂದಿ ಶಾಮೇಲಪ್ಪನ ಬಟ್ಟಿ, ಶಾಮೇಲಪ್ಪನ ಬಟ್ಟಿ ಅಂತ ಕುಂತಾರ. ನೀ ಮುಗಸ್ತೀಯೇನು?"

ಆಗೂದಿಲ್ರಿ ಅನ್ನಬೇಕೆಂದು ಬಾಯಿ ತೆರೆದೆ. ಮಾತು ಬರಲಿಲ್ಲ. ನೆಲ ನೋಡುತ್ತ ಕೂತೆ.

"ಆತು ಬಿಡಪಾ" ಎಂದು ಅವರು ಎದ್ದರು. "ನಿಮ್ಮಪ್ಪನೂ ಹಿಂಗ. ಒಪ್ಪಿಕೊಂಡ್ರ ನೆಲಾ ನೋಡ್ತಿದ್ದ." ನನ್ನ ತಲೆಯ ಮೇಲೆ ಕೈ ಇಟ್ಟು, ಚಪ್ಪಲಿ ಮೆಟ್ಟಿ, ಹೋಗಿಯೇಬಿಟ್ಟರು!

ಸುಮ್ಮನಿರುವವನ ಪಾಡು ಇಷ್ಟೇ.

ಬಾಜೂ ಮನೆಯ ಸಿದ್ದಕ್ಕ ಕಾಕು ಗೋಡೆಯ ಮೇಲಿಂದ ಇಣುಕಿದಳು. ಅವಳಿಗೆ ಕೇಳದ ಸುದ್ದಿ ಈ ಓಣಿಯಲ್ಲಿ ಇಲ್ಲ. "ಏನೋ ದಾನ್ಯಾ, ಬಟ್ಟಿಗೆ ಹೂಂ ಅಂದ್ಯಂತಲ್ಲ?"

"ನಾ ಅಂದಿಲ್ಲ ಕಾಕು."

"ಮತ್ತ ಯಾರ ಅಂದ್ರು, ನಿಮ್ಮ ಎಮ್ಮಿ ಅಂತೇನು?"

೧೩ ನವೆಂಬರ್, ಗುರುವಾರ

ಮಧ್ಯಾಹ್ನ ಕರೆಂಟು ತೆಗೆದರು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕರೆಂಟಿಲ್ಲದಾಗ ನೇಯಲು ಬರುವ ಮಗ್ಗ ಈ ಓಣಿಯಲ್ಲಿ ಅಪ್ಪನದೊಂದೇ. ಹೋಗಿ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತೆ. ಅದು ಅಪ್ಪನ ಕಾಲಿನ ಅಳತೆ, ನನ್ನ ಮೊಣಕಾಲು ಮೇಲೆದ್ದವು. ಲಾಳಿ ಎಸೆದೆ, ನೆಲಕ್ಕೆ ಬಿತ್ತು. ಮತ್ತೆ ಎಸೆದೆ, ಗೋಡೆಗೆ ಬಡಿಯಿತು.

ಸಿದ್ದಕ್ಕ ಕಾಕುವಿನ ಗಂಡ ಅಮಸಿದ್ದಪ್ಪ ಕಾಕಾ ಆ ಸಪ್ಪಳ ಕೇಳಿ ಬಂದ. ಅವರು ಕುರುಬರು. ಕಾಕಾ ಹಿಂದೆ ಕಂಬಳಿ ನೇಯ್ದು ಕೈ ಪಳಗಿದವನು. ಬೀರೇಶ್ವರನ ಭಕ್ತ. ಆದರೂ ಅಪ್ಪನಿಗೆ ಈ ಊರಲ್ಲಿ ಅವನಷ್ಟು ಹತ್ತಿರದ ಗೆಳೆಯ ಇರಲಿಲ್ಲ. "ನಿಮ್ಮ ದೇವರೂ ಕುರಿ ಕಾಯಾಂವ, ನಮ್ಮಾಂವನೂ ಕುರಿ ಕಾಯಾಂವ, ಜಗಳ ಎಲ್ಲೈತಿ?" ಎಂದು ಕಾಕಾ ಅನ್ನುತ್ತಿದ್ದ.

"ಎಳಿಬ್ಯಾಡಲೇ, ಬಡಿ!" ಎಂದು ಬಾಗಿಲಲ್ಲೇ ಕೂಗಿದ. "ಹಂಗಲ್ಲ. ಅದೇನ್ ಹಾವು ಹೊಡಿಯಾಕತ್ತಿಯೇನು? ಹಣಿಗಿ ಹಿಡದು ಕೂಸಿನ ಬೆನ್ನಿಗೆ ಬಡದಂಗ ಬಡಿ. ಹಾಂ. ಈಗ ತುಳಿ."

ಸಂಜೆಯೊಳಗೆ ಒಂದು ಗೇಣು ಆಯಿತು. ಕೆಳಗೆ ಅಪ್ಪನ ನೇಯ್ಗೆ ಹಾಲಿನ ಕೆನೆಯ ಹಾಗೆ ಕೂತಿದೆ. ಮೇಲೆ ನನ್ನದು ಬರೀ ಜಾಳು, ಕೆಳಗಿನ ಕುಣಿ ಕಾಣುತ್ತದೆ. ನಾಚಿಕೆಯಾಗಿ ಬಿಚ್ಚತೊಡಗಿದೆ. ಉದ್ದಕ್ಕೆ ಬಿಗಿದ ಹಾಸಿನ ಎಳೆ ನವಿರೆದ್ದು ಎರಡು ಪಟ್ ಎಂದು ಹರಿದವು. ಕಾಕಾ ನನ್ನ ಮುಂಗೈ ಹಿಡಿದ.

"ಬಿಚ್ಚಬ್ಯಾಡ! ಹಾಸಿನ ನೂಲು ಹಳೇದೈತಿ, ಗಂಜಿ ಹಾರೇತಿ. ಬಿಚ್ಚಿದಿ ಅಂದ್ರ ನಿಮ್ಮಪ್ಪನ ಅರ್ಧಾನೂ ಹೋತು. ಹೆಂಗೈತಿ ಹಂಗ ಬಿಟ್ಟು ಮುಂದ ಹೋಗು."

ಹಾಗಾದರೆ ಈ ಗೇಣು ಹೀಗೇ ಉಳಿಯುತ್ತದೆ. ಅಪ್ಪನದು ಮುಗಿದಲ್ಲಿ ಸರಿಯಾಗಿ ಒಂದು ಕಲೆ.

೧೫ ನವೆಂಬರ್, ಶನಿವಾರ

ಎರಡು ಎಳೆ ಹಾಕಿದೆ, ಮತ್ತೆ ಜಾಳು, ಎದ್ದುಬಿಟ್ಟೆ. ಬರೆಯುವಂಥದು ಏನಿಲ್ಲ.

೧೮ ನವೆಂಬರ್, ಮಂಗಳವಾರ

ಬಂತು! ಕೈಗೆ ಬಂತು!

ಮಾಲಾ ಸಾಲಿಯಿಂದ ಬಂದವಳು ಪಾಟಿಚೀಲ ಹೆಗಲಲ್ಲಿ ಇಟ್ಟುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಒಂಬತ್ತನೆಯ ತರಗತಿ ಅವಳು. ಅಜ್ಜನ ಬೆನ್ನಿಗೆ ಒರಗಿ ಕೂತು ಬರೆಯುತ್ತ ಓದುತ್ತ ಬೆಳೆದವಳು. ಸ್ವಲ್ಪ ಹೊತ್ತು ನೋಡಿ ಅಂದಳು:

"ಅಪ್ಪಾ, ನೀ ಹಾಡವಲ್ಲಿ. ಅದಕ್ಕ ಜಾಳ ಬರಾಕತ್ತೈತಿ."

"ಏನ ಹಾಡೂದು?"

"ಅಜ್ಜ ಹಾಡಿಕೋತ ಬಡೀತಿದ್ದ. ಒಂದ್ ಸಾಲಿಗೆ ಎರಡ ಪೆಟ್ಟು. ಹಾಡು ನಿಂತ್ರ ಕೈನೂ ನಿಲ್ಲತಿತ್ತು. ಯಾವಾಗೂ ನಾ ಮುಂದಿನ ಸಾಲು ಹೇಳಿಕೊಡ್ತಿದ್ನಿ."

ಅವಳೇ ಹಾಡಿದಳು.

ಹಾಸು ನಿನ್ನದು ತಂದೆ, ಹೊಕ್ಕು ನನ್ನದು,
ಹರಿದರೆ ಕೂಡಿಸೊ, ಕೈಯಿ ನಿನ್ನದು.

ಅಪ್ಪನೇ ಕಟ್ಟಿದ ಹಾಡು. ಹುಟ್ಟಿದಾಗಿನಿಂದ ನನ್ನ ಕಿವಿಯಲ್ಲಿ ಇದ್ದದ್ದು. ಮನೆಗೆ ಪವರ್‌ಲೂಮ್ ಬಂದ ಮೇಲೆ ಕೇಳಿಸದಾಗಿತ್ತು, ಅಷ್ಟೆ. ಆ ಸಪ್ಪಳದ ಒಳಗೆ ಅಪ್ಪ ಇಷ್ಟು ವರ್ಷ ಹಾಡುತ್ತಲೇ ಇದ್ದನೇ! ಸಾಲಿನ ನಡುವೆ ಒಂದು ಪೆಟ್ಟು, ಕೊನೆಗೊಂದು ಪೆಟ್ಟು. ಮಗಳು ಹಾಡಿದಳು, ನಾನು ಬಡಿದೆ. ಕಾಲು ತಾನಾಗಿ ತುಳಿಯಿತು. ಲಾಳಿ ಕೈಗೆ ಸಾಕಿದ ಗಿಣಿಯ ಹಾಗೆ ಬಂದು ಕೂತಿತು. ಬಟ್ಟೆ ಬಿಗಿಯಾಯಿತು, ಕೆನೆಯಾಯಿತು. ಕರೆಂಟು ಬಂದು ಹೊರಗೆ ಮಗ್ಗಗಳು ಬಡಿದುಕೊಂಡರೂ ನನಗೆ ಏಳಲು ಮನಸ್ಸಿಲ್ಲ. ಅನ್ನವ್ವ ಬಂದು "ಹೊರಗಿನ ಮಗ್ಗಕ್ಕ ನೂಲಿನ ಕಂಡಿಕಿ ಮುಗದಾವ, ಕೇಳವಲ್ಲದೇನು?" ಎಂದು ಬೈದಳು. ಬೈಗುಳವೂ ಇವತ್ತು ಚೆನ್ನಾಗಿತ್ತು.

೨೨ ನವೆಂಬರ್, ಶನಿವಾರ

ಬೆಳಿಗ್ಗೆಯೇ ಕರೆಂಟು ಹೋಯಿತು. ಮಾಲಾ ಸಾಲಿಯಲ್ಲಿ. ಅನ್ನವ್ವ ಹಳ್ಳಕ್ಕೆ. ಹಾಡಲು ಯಾರೂ ಇಲ್ಲ. ಕದ ಹಾಕಿಕೊಂಡು ನಾನೇ ಹಾಡಿದೆ. ಪೆಟ್ಟು ಸರಿ ಬರಲಿ ಅಂತ ಹಾಡಿದ್ದು, ಬೇರೇನಿಲ್ಲ.

ಮೊದಲು ತುಟಿಯಲ್ಲೇ. ಆದರೆ ಲಾಳಿಗೆ ಅದು ಸಾಲದು, ದನಿ ಎತ್ತಬೇಕಾಯಿತು. ಗೋಡೆಯಾಚೆಯಿಂದ ಅಮಸಿದ್ದಪ್ಪ ಕಾಕಾ ತನ್ನ ಡೊಳ್ಳಿನ ಧಾಟಿಯಲ್ಲಿ ಕೂಡಿಸಿದ. ಕದ ತಳ್ಳಿ ಸಿದ್ದಕ್ಕ ಕಾಕು ಬಂದಳು.

"ಅಯ್ಯ ನಮ್ಮವ್ವ, ಯಾರದರ ಎತ್ತು ಕುಣಿಯಾಗ ಬಿದ್ದು ಒದರಾಕತ್ತೈತೇನು ಅಂತ ಓಡಿ ಬಂದ್ನಿ. ನೀನಽ?"

ಕರೆಂಟಿಲ್ಲದೆ ಕೆಲಸವಿಲ್ಲದ ಓಣಿಯ ಹೆಂಗಸರು ಇಬ್ಬರು ಮೂವರು ಅವಳ ಹಿಂದೆ ಬಂದು ನಿಂತರು. ನಾಚಿಕೆಯಿಂದ ಕಿವಿ ಸುಟ್ಟವು. ನಿಲ್ಲಿಸಿದರೆ ಪೆಟ್ಟು ತಪ್ಪುತ್ತದೆ. ಹಾಡುತ್ತಲೇ ಇದ್ದೆ. ಅವರೂ ಹೋಗಲಿಲ್ಲ. ಕಾಕು ಎರಡನೆಯ ಸಾಲು ಕಲಿತುಬಿಟ್ಟಳು.

೨೭ ನವೆಂಬರ್, ಗುರುವಾರ

ಮೂರು ದಿನದಿಂದ ಕರೆಂಟು ಹೋಗಿಯೇ ಇಲ್ಲ. ಓಣಿಯವರೆಲ್ಲ ಖುಷಿಯಲ್ಲಿದ್ದಾರೆ, ಸೀರೆಯ ಮೇಲೆ ಸೀರೆ ಬೀಳುತ್ತಿವೆ. ನಾನೊಬ್ಬನೇ ಗಳಿಗೆಗೊಮ್ಮೆ ತಲೆಯೆತ್ತಿ ಬಲ್ಬು ನೋಡುತ್ತಿದ್ದೇನೆ. ಪವರ್‌ಲೂಮ್ ಬಿಟ್ಟು ಒಳಗೆ ಕೂರುವಂತಿಲ್ಲ, ಒಂದು ಎಳೆ ಹರಿದರೆ ಸೀರೆಯೇ ಕೆಡುತ್ತದೆ. ಒಳಗೆ ಬಟ್ಟೆ ಇನ್ನೂ ಒಂದೂವರೆ ಮೊಳ ಬಾಕಿ.

ನಿಂತಲ್ಲೇ ಕಣ್ಣು ಮುಚ್ಚಿ ಅಂದೆ: "ದೇವರೇ, ಒಂದು ತಾಸು ಕರೆಂಟು ತೆಗಿ. ಹೆಚ್ಚ ಬ್ಯಾಡ. ಒಂದು ತಾಸು."

ಕಣ್ಣು ಬಿಟ್ಟರೆ ಬಾಗಿಲಲ್ಲಿ ಸಿದ್ದಕ್ಕ ಕಾಕು, ಕೈಯಲ್ಲಿ ಮಜ್ಜಿಗೆಯ ಚರಿಗೆ.

"ಏ ದಾನ್ಯಾ! ನಿಮ್ಮಪ್ಪ ನಮ್ಮ ಕುರಿಗೆ ರೋಗ ಬಂದಾಗ ಬೇಡ್ಕೊಂಡ, ನನ್ನ ಸೊಸಿ ಹಡಿವಾಗ ಬೇಡ್ಕೊಂಡ. ನೀ ಸುರು ಮಾಡೂದು ಮಾಡಿ, ಓಣಿಗೆ ಕತ್ತಲಿ ಬೀಳ್ಲಿ ಅಂತ ಬೇಡ್ಕೋತಿಯಲ್ಲೋ ಮಾರಾಯ!"

ನಗು ತಡೆಯಲಾಗಲಿಲ್ಲ. ಅಪ್ಪ ಹೋದ ಮೇಲೆ ಈ ಮನೆಯಲ್ಲಿ ನಾನು ನಕ್ಕದ್ದು ಇವತ್ತೇ. ಅನ್ನವ್ವ ಒಲೆಯ ಮುಂದಿಂದ ಎದ್ದು ಬಂದು ನನ್ನ ಮುಖ ನೋಡಿ ಹೋದಳು.

ಕರೆಂಟು ಮಾತ್ರ ಹೋಗಲಿಲ್ಲ.

೧ ಡಿಸೆಂಬರ್, ಸೋಮವಾರ

ಇವತ್ತು ಸಂಜೆ ದೀಪ ಹಚ್ಚುವ ಹೊತ್ತಿಗೆ ನಾಲ್ಕೂ ಮಗ್ಗಗಳನ್ನು ನಾನೇ ಬಂದ್ ಮಾಡಿದೆ. ಇನ್ನು ದಿನಾ ಒಂದು ತಾಸು ಹೀಗೆ. ಬೇರೆ ದಾರಿಯಿಲ್ಲ. ಅಪ್ಪ ಪ್ರಾರ್ಥನೆ ನಡೆಸುತ್ತಿದ್ದಾಗಲೂ ಈ ಹೊತ್ತಿಗೇ ಮಗ್ಗ ನಿಲ್ಲುತ್ತಿದ್ದವು ಎಂದು ಮಾಲಾ ನೆನಪು ಮಾಡಿದಳು. ನನಗೆ ಅದು ಲಕ್ಷ್ಯದಲ್ಲಿ ಇರಲಿಲ್ಲ. ಬೆಳಕಿದ್ದಾಗ ಹೊರಗಿನ ಕೆಲಸ ಮುಗಿಯಲಿ ಅಂತ ಈ ಹೊತ್ತು ಆರಿಸಿದ್ದು.

ಪ್ರಾರ್ಥನೆಯ ಹೊತ್ತೂ ಅದೇ ಆದ್ದರಿಂದ ಅನ್ನವ್ವ ಚಾಪೆ ತಂದು ಕುಣಿಯ ಪಕ್ಕಕ್ಕೇ ಹಾಸಿದಳು. ಕುಣಿಯಲ್ಲಿ ಕಾಲಿಟ್ಟು ಕೂತವನು ನಾನು ಎದ್ದು ಎಲ್ಲಿಗೆ ಹೋಗಲಿ? ಲಾಳಿ ಹಿಡಿದು ಕಾಯುತ್ತ ಕೂತೆ. ಅವಳು ಅಪ್ಪನ ಹಾಗೆ ಓಣಿಯವರ ಹೆಸರು ಹೇಳುತ್ತ ಹೋಗಿ ನಡುವೆ ತಡವರಿಸಿದಳು. ಅಮಸಿದ್ದಪ್ಪ ಕಾಕಾನ ಸೊಸೆಯ ಹೆಸರು ಮರೆತಿದ್ದಳು. "ರಂಜನಾ" ಅಂತ ನಾನು ಹೇಳಿಕೊಟ್ಟೆ. ಅವಳು ಕಣ್ಣು ತೆರೆದು ನನ್ನನ್ನೇ ನೋಡಿದಳು. ಹೊತ್ತಾಗುತ್ತಿತ್ತು. ಉಳಿದವರ ಹೆಸರು ನಾನೇ ಹೇಳಿ ಮುಗಿಸಿದೆ.

ಆಮೇಲೆ ಎರಡು ಬೆರಳು ನೇಯ್ದೆ. ಬಿಗಿ ಚೆನ್ನಾಗಿ ಬಂದಿದೆ.

೪ ಡಿಸೆಂಬರ್, ಗುರುವಾರ

ನೂಲಿನ ಅಂಗಡಿಗೆ ಅಯ್ಯನವರು ಫೋನು ಮಾಡಿದ್ದರಂತೆ. ಅಂಗಡಿಯ ತುಕಾರಾಮ ಸೈಕಲ್ ಮೇಲೆ ಬಂದು ಹೇಳಿದ. ಪ್ರತಿಷ್ಠೆ ನಡೆಸುವ ದೊಡ್ಡ ಅಯ್ಯನವರಿಗೆ, ಅಂದರೆ ಬಿಷಪ್ಪರಿಗೆ, ಕ್ರಿಸ್ಮಸ್ ದಿನ ಬೇರೆ ಕಡೆ ಆರಾಧನೆ ಇದೆ. ಪ್ರತಿಷ್ಠೆ ಇಪ್ಪತ್ತೊಂದಕ್ಕೇ, ಭಾನುವಾರ!

ಬೆರಳು ಮಡಿಚಿ ಉಳಿದ ದಿನ ಎಣಿಸಿದೆ. ಹೆದರಿಕೆಯೋ ಉಮೇದೋ ತಿಳಿಯಲಿಲ್ಲ. ಅನ್ನವ್ವ "ಆಗತೈತೇನು?" ಅಂದಳು. "ಆಗತೈತಿ" ಅಂದೆ. ಇಷ್ಟು ಬೇಗ ನನ್ನ ಬಾಯಿಂದ ಮಾತು ಬಂದದ್ದಕ್ಕೆ ಅವಳೇ ಬೆಚ್ಚಿದಳು.

೯ ಡಿಸೆಂಬರ್, ಮಂಗಳವಾರ

ಅಡ್ಡಕ್ಕೆ ಹಾಕುವ ಹೊಕ್ಕಿನ ನೂಲು ಮುಗಿಯಲು ಬಂದಿತ್ತು. ಆ ಸಣ್ಣ ಎಳೆ ಇಲ್ಲಿ ಸಿಗಲಿಲ್ಲ, ಜಮಖಂಡಿಗೆ ಹೋಗಿ ತಂದೆ. ಹೋಗಿ ಬರುವಾಗ ಬಸ್ಸು ಕಬ್ಬಿನ ಚಕ್ಕಡಿಗಳ ಹಿಂದೆ ಆಮೆಯ ಹಾಗೆ ಸಾಗಿತು. ಇಳಿದು ಓಡಿಕೊಂಡೇ ಮನೆಗೆ ಬಂದೆ.

ಬಂದು ನೋಡಿದರೆ ಬಟ್ಟೆ ಬೆಳೆದಿದೆ! ಬೆಳಿಗ್ಗೆ ನಾನು ಬಿಟ್ಟಾಗ ಗಂಟು ಬಿದ್ದ ಒಂದು ಎಳೆ ತುದಿಯಲ್ಲೇ ಇತ್ತು. ಈಗ ಅದು ನಾಲ್ಕು ಬೆರಳು ಕೆಳಗೆ ಹೋಗಿದೆ. ಮೇಲಿನ ನಾಲ್ಕು ಬೆರಳು ಯಾರು ನೇಯ್ದದ್ದು? ಹತ್ತಿರ ಹಿಡಿದು ನೋಡಿದೆ. ಅಂಚು ನನ್ನದಕ್ಕಿಂತ ನೆಟ್ಟಗಿದೆ. ಒಂದು ಕ್ಷಣ ಅಪ್ಪನ ಕೈಯೇ ಅನ್ನಿಸಿತು.

"ಮಾಲಾ!"

ಅಡಿಗೆಮನೆಯ ಬಾಗಿಲ ಹಿಂದಿನಿಂದ ದನಿ ಬಂತು. "ಬೈಬ್ಯಾಡಪ್ಪಾ. ಮಾಸ್ತರು ಜಲ್ದಿ ಬಿಟ್ರು. ಸ್ವಲ್ಪ ಅಷ್ಟಽ ಅಂತ ಕುಂತ್ನಿ."

"ಯಾರ ಕಲಿಸಿದ್ರು ನಿನಗ?"

"ಅಜ್ಜ. ನಿನಗ ಹೇಳಬ್ಯಾಡ ಅಂದಿದ್ದ. ಹುಡುಗಿಗೆ ಮಗ್ಗ ಯಾಕ, ಓದಲಿ ಅಂತ ನೀ ಒದರತಿ ಅಂತ."

ಒದರುತ್ತಿದ್ದೆ, ಖರೆ. ಇವತ್ತು ಒದರಲಿಲ್ಲ. ಅವಳನ್ನು ಕುಣಿಯಲ್ಲಿ ಕೂರಿಸಿ ನಾನು ಚಾಪೆಯ ಮೇಲೆ ಕೂತು ಹಾಡಿದೆ. ಅವಳ ತುದಿಬೆರಳಷ್ಟೇ ಕೆಳಗಿನ ತುಳಿಯುವ ಹಲಗೆಗೆ ಎಟಕುತ್ತದೆ, ಅದರ ಮೇಲೆ ಒಂದು ಇಟ್ಟಂಗಿ ಇಟ್ಟುಕೊಟ್ಟೆ. ಅವಳು ಬಡಿಯುವುದನ್ನು ನೋಡುತ್ತ ಸಾಲು ತಪ್ಪಿಸಿದೆ. ಅವಳೇ ಮುಂದಿನ ಸಾಲು ಹೇಳಿಕೊಟ್ಟಳು.

೧೨ ಡಿಸೆಂಬರ್, ಶುಕ್ರವಾರ

ಎಳೆ ಬಡಿದು ಕೂಡಿಸುವ ಹಣಿಗೆಯ ಮರದಲ್ಲಿ ಅಪ್ಪನ ಹೆಬ್ಬೆರಳು ಕೂತು ಕೂತು ಒಂದು ತಗ್ಗು ಬಿದ್ದಿದೆ. ಇವತ್ತು ನನ್ನ ಹೆಬ್ಬೆರಳು ಅಲ್ಲಿ ಹೋಗಿ ಕೂತಿತು. ಕೈ ತೆಗೆಯಲಾಗಲಿಲ್ಲ. ಅತ್ತುಬಿಟ್ಟೆ. ಬಟ್ಟೆಯ ಮೇಲೆ ಬೀಳಬಾರದೆಂದು ಮುಖ ತಿರುವಿಕೊಂಡೆ.

೧೭ ಡಿಸೆಂಬರ್, ಬುಧವಾರ

ಮುಗಿಯಿತು!

ಸಂಜೆ ಕೊನೆಯ ಎಳೆ ಹಾಕುವಾಗ ಖೋಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಓಣಿಯ ಅರ್ಧ ಜನ ನಮ್ಮ ಮನೆಯಲ್ಲೇ ಇದ್ದರು. ಅಮಸಿದ್ದಪ್ಪ ಕಾಕಾ ಡೊಳ್ಳು ತರುತ್ತೇನೆಂದು ಎದ್ದ, ಸಿದ್ದಕ್ಕ ಕಾಕು ಧೋತರ ಹಿಡಿದು ಕೂರಿಸಿದಳು. ಮಾಲಾ ಕೊನೆಯ ಪೆಟ್ಟು ತಾನು ಹಾಕುತ್ತೇನೆಂದಳು. ಹಾಕಲಿ ಎಂದೆ. ಕತ್ತರಿಸಿ ಬಿಡಿಸಿ ನಾಲ್ಕು ಮಂದಿ ನಾಲ್ಕು ತುದಿ ಹಿಡಿದು ಬಿಚ್ಚಿದೆವು. ನೇಯುವಾಗ ಸುತ್ತಿಕೊಂಡು ಒಳಗೆ ಹೋಗುತ್ತಿದ್ದುದರಿಂದ ಇಡೀ ಬಟ್ಟೆಯನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನೋಡಿದೆ. ಈ ತುದಿಯಿಂದ ಕೆನೆ, ಆ ತುದಿಯಿಂದ ಕೆನೆ. ನಡುವೆ ಆ ಒಂದು ಗೇಣು, ಜಾಳು. ಅಪ್ಪ ಸರಿಯಾಗಿ ಅರ್ಧಕ್ಕೆ ಬಿಟ್ಟಿದ್ದ. ಎರಡು ಮಡಿಕೆ ಮಾಡಿದರೆ ಮಡಿಕೆ ಅದರ ಮೇಲೇ ಬೀಳುತ್ತದೆ. ಅಂದರೆ ಮೇಜಿನ ಮೇಲೆ ಹಾಸಿದಾಗ ನಟ್ಟನಡುವೆ, ಎಲ್ಲರ ಕಣ್ಣಿನ ಎದುರಿಗೆ.

ಎಲ್ಲರೂ ಛಲೋ ಆಗೇತಿ, ಛಲೋ ಆಗೇತಿ ಎಂದರು. ನನಗೆ ಅದೊಂದೇ ಕಾಣುತ್ತಿತ್ತು. ಅಂಚಿನಲ್ಲಿದ್ದರೆ ಕೆಳಗೆ ಇಳಿಬಿಡಬಹುದಿತ್ತು. ಆ ಗೇಣು ಕತ್ತರಿಸಿ ತೆಗೆದರೆ ಹೊಲಿಯಬೇಕು. ಹೊಲಿದರೆ ಅಪ್ಪನ ಮಾತು ಹೋಯಿತು.

೨೦ ಡಿಸೆಂಬರ್, ಶನಿವಾರ

ನಾಳೆ ನಸುಕಿನಲ್ಲೇ ಹೊರಡುವುದು. ಅಮಸಿದ್ದಪ್ಪ ಕಾಕಾ, ಕಾಕು ಇಬ್ಬರೂ ಬರುತ್ತಾರೆ. ಟೆಂಪೋ ಹೇಳಿದ್ದೇವೆ. ಅನ್ನವ್ವ ಬಟ್ಟೆಗೆ ಗಂಜಿ ಕೊಟ್ಟು ಇಸ್ತ್ರಿ ಮಾಡಿ ಮಡಿಚಿ ಇಟ್ಟಿದ್ದಾಳೆ.

ಯಾರಿಗೂ ಹೇಳದೆ ರಬಕವಿಗೆ ಹೋಗಿ ಅಂಗಡಿಯಿಂದ ಒಂದು ಬಿಳಿ ಬಟ್ಟೆ ತಂದೆ. ಕಲೆಯಿಲ್ಲ, ಹೊಲಿಗೆಯಿಲ್ಲ. ಯಂತ್ರದ್ದು. ಚೀಲದ ತಳಕ್ಕೆ ಹಾಕಿದ್ದೇನೆ. ಅಲ್ಲಿ ಹೋಗಿ ನೋಡೋಣ. ದೊಡ್ಡ ಅಯ್ಯನವರು, ಊರ ಮಂದಿ, ಎಲ್ಲರ ಎದುರಿಗೆ ಅಪ್ಪನ ಹೆಸರಿನಲ್ಲಿ ಆ ಜಾಳು ಹರವಲಿಕ್ಕೆ ನನ್ನಿಂದಾಗದು. ಶಾಮೇಲಪ್ಪನ ಕೈ ಹಿಂಗಿತ್ತೇನು ಎಂದರೆ?

ನಿದ್ದೆ ಬರುವ ಹಾಗಿಲ್ಲ. ಆದರೂ ನಾಳೆ ಎಂದು ನೆನೆದರೆ ಎದೆ ಹಾರುತ್ತದೆ.

೨೧ ಡಿಸೆಂಬರ್, ಭಾನುವಾರ

ಟೆಂಪೋದಲ್ಲಿ ಕೂತೇ ಬರೆಯುತ್ತಿದ್ದೇನೆ, ಅಕ್ಷರ ಕುಣಿಯುತ್ತವೆ. ಮನೆ ಮುಟ್ಟುವವರೆಗೆ ತಡೆಯಲಾಗದು.

ಮುಧೋಳ ದಾಟುವಾಗ ಬೆಳಕಾಯಿತು. ಪುನರ್ವಸತಿ ಕೇಂದ್ರ ಮುಟ್ಟಿದಾಗ ಚರ್ಚಿನ ಹೊರಗೆ ತೋರಣ ಕಟ್ಟುತ್ತಿದ್ದರು. ಅದರ ಹಿಂದೆ ದೂರಕ್ಕೆ ಹಿನ್ನೀರು ಹೊಳೆಯುತ್ತಿತ್ತು. ನಮ್ಮ ಊರು ಅದರ ಕೆಳಗೆ ಎಲ್ಲೋ ಇದೆ. ಇಳಿಯುತ್ತಲೇ ಶಂಕ್ರೆವ್ವ ಎಂಬ ಮುದುಕಿ ಕೋಲೂರಿಕೊಂಡು ಬಂದಳು. ಹಳೆಯ ಊರಿನವಳು, ಕಣ್ಣು ಪೂರಾ ಹೋಗಿವೆ.

"ಶಾಮೇಲನ ಮಗ ಬಂದಾನಂತಲ್ಲ? ಎಲ್ಲೈತಿ ಬಟ್ಟಿ? ಕೊಡು ಇಲ್ಲಿ, ಮುಟ್ಟೂಣು."

ಚೀಲದಲ್ಲಿ ಕೈ ಹಾಕಿದೆ. ತಳದಲ್ಲಿ ಅಂಗಡಿಯ ಬಟ್ಟೆ, ಮೇಲೆ ನಮ್ಮದು. ಕೈ ತಳಕ್ಕೆ ಹೋಯಿತು, ನಿಂತಿತು. ಕಣ್ಣಿಲ್ಲದವಳಿಗೆ ಯಾವುದು ಕೊಟ್ಟರೂ ನಡೆಯುತ್ತಿತ್ತು. ಅದಕ್ಕೇ ಕೊಡಲಾಗಲಿಲ್ಲ. ನಮ್ಮದನ್ನೇ ಅವಳ ಕೈಯಲ್ಲಿಟ್ಟೆ. ಅವಳು ತುದಿಯಿಂದ ಬೆರಳಾಡಿಸುತ್ತ ಹೋದಳು. ನಡುವೆ ಬಂದು ನಿಂತಳು.

"ಇಲ್ಲಿ ತೀರಿಕೊಂಡನೇನು?"

"ಹೂಂರಿ ಆಯಿ."

ಅವಳು ಆ ಗೇಣನ್ನು ಅಂಗೈಯಿಂದ ಸವರಿದಳು. ಆಮೇಲೆ ಬೆರಳು ಮುಂದೆ ಸಾಗಿತು. "ಮುಂದ ಮತ್ತ ಛಲೋ ಆಗೇತಲ್ಲ" ಅಂದಳು. ಅಷ್ಟೇ. ಮಡಿಚಿ ತಾನೇ ಒಯ್ದು ಅಯ್ಯನವರ ಕೈಗೆ ಕೊಟ್ಟಳು. ನಾನು ಇನ್ನು ಏನು ಮಾಡುವುದು?

ಬಾಗಿಲು ತೆರೆದರು. ಒಳಗೆ ಜನ ಹಿಡಿಸಲಿಲ್ಲ, ಕಿಟಕಿಯಲ್ಲೂ ಮುಖಗಳು. ಅಮಸಿದ್ದಪ್ಪ ಕಾಕಾ ರುಮಾಲು ಸರಿಮಾಡಿಕೊಂಡು ಮುಂದಿನ ಸಾಲಿನಲ್ಲೇ ಕೂತ. ಮೇಜಿನ ಮೇಲೆ ಬಟ್ಟೆ ಹರವಿದರು. ಎರಡು ಕಡೆ ಸಮನಾಗಿ ಇಳಿಬಿಟ್ಟರು. ನಾನು ಎಣಿಸಿದಂತೆಯೇ ನಟ್ಟನಡುವೆ ಆ ಜಾಳು ಬಂತು. ಕಿಟಕಿಯ ಬಿಸಿಲು ಅದರಲ್ಲಿ ತೂರಿ ಕೆಳಗಿನ ಹಲಗೆ ಕಾಣಿಸಿತು.

ಬಟ್ಟೆ ತಂದ ಮನೆಯವರು ಒಂದು ಮಾತು ಪ್ರಾರ್ಥನೆ ಮಾಡಲಿ ಎಂದು ಅಯ್ಯನವರು ಅಂದರು. ಎದ್ದು ಮಾಡಿದೆ. ಉದ್ದವೇನಲ್ಲ. ಊರಿನವರ ಹೆಸರು, ನೀರಿಗೆ ಹೋದ ಮನೆಗಳು, ನಮ್ಮ ಓಣಿ, ಕಾಕಾನ ಕುರಿ, ಬಂದದ್ದು ಬಂದ ಹಾಗೆ ಹೇಳಿದೆ. ಅನ್ನವ್ವ ಯಾಕೋ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ನನ್ನ ಲಕ್ಷ್ಯವೆಲ್ಲ ಮೇಜಿನ ಮೇಲೆ.

ಆಮೇಲೆ ಅಯ್ಯನವರು ರೊಟ್ಟಿಯ ತಾಟು ಎರಡೂ ಕೈಯಲ್ಲಿ ಹಿಡಿದು ತಂದರು. ಮೇಜಿನ ನಡು ಎಲ್ಲಿ ಎಂದು ಒಂದು ಕ್ಷಣ ನೋಡಿದರು. ಇಟ್ಟರು. ಸರಿಯಾಗಿ ಅದರ ಮೇಲೆ! ಪಾತ್ರೆಯನ್ನು ತಾಟಿನ ಪಕ್ಕಕ್ಕೆ ಒತ್ತಿ ಇಟ್ಟರು. ಕೂತವರ ಕಣ್ಣಿಗೆ ಆ ಗೇಣು ಪೂರಾ ಮುಚ್ಚಿತು. ಅವರಿಗೆ ಏನೂ ಗೊತ್ತಿರಲಿಲ್ಲ. ರೊಟ್ಟಿ ಇಡುವ ಜಾಗ ಅದೇ, ಇಟ್ಟರು.

ಮಾಲಾ ನನ್ನ ತೋಳು ಚಿವುಟಿದಳು, ನಾನು ಅವಳ ಕೈ ಚಿವುಟಿದೆ. ಎದ್ದು ಕೂಗಬೇಕು ಅನ್ನಿಸಿತು. ದೊಡ್ಡ ಅಯ್ಯನವರು ಹೇಳಿದ ಪ್ರಸಂಗದ ಒಂದು ಮಾತೂ ನನ್ನ ತಲೆಗೆ ಹೋಗಲಿಲ್ಲ.

ಊಟಕ್ಕೆ ಬೇವಿನ ಮರದ ಕೆಳಗೆ ಕೂತಾಗ ಸಿದ್ದಕ್ಕ ಕಾಕು ಹಾಸಲಿಕ್ಕೆ ಏನಾದರೂ ಇದೆಯೇ ಎಂದು ನನ್ನ ಚೀಲ ಜಾಲಾಡಿ ಅಂಗಡಿಯ ಬಟ್ಟೆ ಎಳೆದಳು. "ಇದ್ಯಾತರದ್ದೋ?" ಎಂದಳು. "ಹಾಸು ಕಾಕು, ಕುಂಡ್ರೂದಕ್ಕ ತಂದದ್ದು" ಎಂದೆ. ಅದರ ಮೇಲೆ ಎಲ್ಲರೂ ಕೂತು ಹುಗ್ಗಿ ತಿಂದೆವು.

ಹೊರಡುವ ಮುಂಚೆ ಮಾಲಾ ಇನ್ನೊಮ್ಮೆ ನೋಡೋಣ ಎಂದು ನನ್ನನ್ನು ಒಳಗೆ ಎಳೆದುಕೊಂಡು ಹೋದಳು. ಯಾರೂ ಇರಲಿಲ್ಲ. ತಾಟು, ಪಾತ್ರೆ ಎತ್ತಿಟ್ಟಿದ್ದರು. ಬಟ್ಟೆಯ ನಡುವೆ ಆ ಗೇಣು ಬಯಲಾಗಿತ್ತು.

"ಕಾಣಾಕತ್ತೈತಲ್ಲಪ್ಪಾ. ಇನ್ನ ಪ್ರತಿ ವಾರಾ ಕಾಣತೈತಿ, ಎಲ್ಲಾರಿಗೂ. ಏನ್ ಮಾಡೂಣು?"

"ಕಾಣಲಿ ಬಿಡವಾ" ಎಂದೆ. "ಅಲ್ಲಿಂದ ನನ್ನ ಕೈ ಸುರು ಆಗತೈತಿ."